‘ಓದಿದ್ದು ಸಾಕು, ನಾನು ಬಳಗ ಬಿಡ್ತೇನೆ ಮೇಡಂ’

ಹೀಗೆ ಹೇಳುತ್ತಾ ಸಲಹೆಗೆ ನನ್ನ ಹತ್ತಿರ ಬಂದ ಈಕೆ ಮಂಗಳೂರಿನವರು, ವಯಸ್ಸು ಐವತ್ತರ ಹತ್ತಿರ. ಗಂಡ ತೀರಿಕೊಂಡು ಕೆಲವು ವರ್ಷ ಆಗಿದೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಾಯಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ.

ಥಿಯಾಸಫಿ, ಅಂದರೆ ಎಲ್ಲ ಧರ್ಮಗಳ ಹಿಂದೆ ಒಂದೇ ಸತ್ಯ ಇದೆ ಅನ್ನುವ ತತ್ವ, ಓದುವ ಸಣ್ಣ ಬಳಗವೊಂದಕ್ಕೆ ಇವರು ಹೋಗುತ್ತಾರೆ. ಭಾನುವಾರ ಸಂಜೆ ಒಬ್ಬರ ಮನೆಯ ಮಹಡಿಯಲ್ಲಿ ಸೇರುವುದು. ನಿವೃತ್ತ ಮಾಸ್ಟ್ರೊಬ್ಬರು ಪಾಠ ಹೇಳುತ್ತಾರೆ. ಓದುತ್ತಿರುವುದು ಥಿಯಾಸಫಿಯ ಪ್ರಮುಖ ಲೇಖಕಿ ಬ್ಲಾವಟ್ಸ್ಕಿ 1888ರಲ್ಲಿ ಎರಡು ಸಂಪುಟಗಳಲ್ಲಿ ಹೊರತಂದ ‘ದಿ ಸೀಕ್ರೆಟ್ ಡಾಕ್ಟ್ರಿನ್’ ಗ್ರಂಥ. ಮೊದಲನೆಯದು ವಿಶ್ವದ ಹುಟ್ಟು, ಎರಡನೆಯದು ಮನುಷ್ಯನ ಹುಟ್ಟು. ತುಂಬಾ ಕಷ್ಟದ ಓದು, ಒಂದು ಪುಟಕ್ಕೆ ಎರಡು ಮೂರು ವಾರ ಹಿಡಿಯುವುದೂ ಉಂಟಂತೆ.

ಬಳಗದಲ್ಲಿ ಒಬ್ಬಂಟಿ ಹಿರಿಯರೊಬ್ಬರಿದ್ದರು. ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸಿ, ಫ್ಯಾನ್ ಹಾಕಿ ಕಾಯುತ್ತಿದ್ದವರು. ಅವರು ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಈಕೆ ದಿನಾ ಸಂಜೆ ಆಫೀಸು ಮುಗಿಸಿ, ಸ್ಟೀಲ್ ಡಬ್ಬಿಯಲ್ಲಿ ಕುಚ್ಚಲಕ್ಕಿ ಗಂಜಿ, ಬದಿಗೆ ಒಂದು ಚೂರು ಮಾವಿನಮಿಡಿ ಉಪ್ಪಿನಕಾಯಿ ಹಿಡಿದು ಬಸ್ ಹತ್ತಿ ಆಸ್ಪತ್ರೆಗೆ ಹೋಗುತ್ತಿದ್ದರು. ಬೈಸ್ಟ್ಯಾಂಡರ್, ಅಂದರೆ ರೋಗಿಯ ಜೊತೆಗಿರುವವರು, ಯಾರು ಅಂತ ನರ್ಸ್ ಕೇಳಿದರೆ ಇವರೇ ಎದ್ದು ನಿಲ್ಲಬೇಕು. ಬಳಗದಿಂದ ಬೇರೆ ಯಾರೂ ಬರಲಿಲ್ಲ. ಪಾಠದ ನಡುವೆ ವಿಷಯ ಎತ್ತಿದಾಗ ಒಬ್ಬರು, ‘ಅದು ಅವರ ಕರ್ಮ, ಅವರೇ ಕಳೆಯಬೇಕು’ ಅಂದರು. ಮಾಸ್ಟ್ರು ಮಾತಾಡದೆ ಪುಟ ತಿರುಗಿಸಿದರು.

‘ಎಂತ ಓದುದು ಮೇಡಂ ಇನ್ನು? ಸೊಸೈಟಿಯ ಮೊದಲನೇ ಉದ್ದೇಶವೇ ಭ್ರಾತೃತ್ವ ಅಂತ ಬಾಯಿಪಾಠ ಹೇಳ್ತಾರೆ. ಓದು ಬಿಟ್ಟು ಬರೀ ಸೇವೆ ಮಾಡುವ ಅಂದ್ರೆ ಯಾರಿಗೂ ಬೇಡ.’

ಭ್ರಾತೃತ್ವವೇ ಮೊದಲನೆಯದು ಅಂತ ಅವರು ಹೇಳಿದ್ದು ಸರಿಯೇ. ಬ್ಲಾವಟ್ಸ್ಕಿ, ಆಲ್ಕಾಟ್ ಮೊದಲಾದವರು ಕಟ್ಟಿದ ಥಿಯಾಸಫಿಕಲ್ ಸೊಸೈಟಿ 1875ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದಾಗ ಭ್ರಾತೃತ್ವದ ಮಾತು ಉದ್ದೇಶಗಳಲ್ಲಿ ಇರಲಿಲ್ಲ. ಕೆಲವು ವರ್ಷಗಳಲ್ಲಿ ಸೇರಿತು, ಸೇರಿ ಮೊದಲ ಜಾಗಕ್ಕೇ ಬಂತು: ಜನಾಂಗ, ಮತ, ಲಿಂಗ, ಜಾತಿ, ಬಣ್ಣ ಯಾವುದನ್ನೂ ನೋಡದ ಭ್ರಾತೃತ್ವ. ಧರ್ಮ, ತತ್ವ, ವಿಜ್ಞಾನಗಳ ಅಧ್ಯಯನ ಎರಡನೆಯದು. ಆದರೆ ಎರಡನೆಯದೂ ಉದ್ದೇಶವೇ ಅಲ್ವಾ? ಗಂಡ ಹೋದ ಮೇಲೆ ಇವರಿಗೆ ನಿದ್ದೆ ಬರುವಂತೆ ಮಾಡಿದ್ದು ಇದೇ ಭಾನುವಾರದ ಓದು. ಅದನ್ನು ಅವರೇ ಮೊದಲ ಭೇಟಿಯಲ್ಲಿ ಹೇಳಿದ್ದರು. ಹಾಗಾಗಿ ಓದನ್ನು ಬಿಡಿ ಅನ್ನಲು ನನಗೆ ಮನಸ್ಸಾಗಲಿಲ್ಲ.

ಇನ್ನೊಂದು ವಿಷಯ ನಿಧಾನಕ್ಕೆ ಹೊರಬಂತು. ಗಂಡ ಆಸ್ಪತ್ರೆಯಲ್ಲಿದ್ದಾಗ ಇವರ ಮನೆಯವರೂ ಬಂದಿರಲಿಲ್ಲ. ಆ ಸಿಟ್ಟು ಯಾರಿಗೂ ಹೇಳದೆ ಒಳಗೇ ಉಳಿದಿತ್ತು. ಹೇಳುತ್ತಾ ಜೋರಾಗಿ ಅತ್ತರು. ಬಳಗದವರು ಮಾಡಿದ್ದು ತಪ್ಪಲ್ಲ ಅಂತ ನಾನು ಹೇಳುತ್ತಿಲ್ಲ, ತಪ್ಪೇ. ಆದರೆ ಎರಡು ಸಿಟ್ಟು ಒಟ್ಟಾದರೆ ಎದುರಿಗಿರುವವರ ತಪ್ಪು ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ, ರಾಜೀನಾಮೆಯೊಂದೇ ದಾರಿ ಅನಿಸುತ್ತದೆ.

ನಾನು ಕೊಟ್ಟ ಸಲಹೆ ಇಷ್ಟು. ಬಳಗ ಬಿಡುವ ತೀರ್ಮಾನವನ್ನು ಒಂದು ತಿಂಗಳು ತೆಗೆದುಕೊಳ್ಳುವುದು ಬೇಡ. ವಾಟ್ಸಾಪ್ ಗುಂಪಿನಲ್ಲಿ ಬರೆಯುವುದೂ ಬೇಡ, ಮಾಸ್ಟ್ರ ಮನೆಗೇ ಹೋಗಿ ಮಾತಾಡಿ. ‘ನೀವೆಲ್ಲ ಯಾವಾಗಲೂ ಹೀಗೇ’ ಅಂತ ಶುರು ಮಾಡಿದರೆ ಅವರು ಉತ್ತರ ಕೊಡುವುದರಲ್ಲೇ ಇರುತ್ತಾರೆ. ‘ಆ ಭಾನುವಾರ ನೀವು ಪುಟ ತಿರುಗಿಸಿದಾಗ ನನಗೆ ತುಂಬಾ ನೋವಾಯಿತು ಮಾಸ್ಟ್ರೇ, ನೀವೊಮ್ಮೆ ಅವರನ್ನು ನೋಡಿ ಬನ್ನಿ’ ಅನ್ನಿ, ಸಾಕು. ಕರ್ಮದ ಮಾತಿಗೂ ಉತ್ತರ ಆ ಪಾಠದೊಳಗೇ ಇದೆ. ಬಿದ್ದದ್ದು ಅವರ ಕರ್ಮವಾದರೆ, ನೋಡಿಯೂ ಸುಮ್ನೆ ಕೂತದ್ದು ನಮ್ಮ ಕರ್ಮದ ಲೆಕ್ಕಕ್ಕೇ ಸೇರುತ್ತದೆ.

ಓದುವುದನ್ನು ಸ್ವಲ್ಪ ವಿಸ್ತರಿಸಿ ಅಂತಲೂ ಹೇಳಿದೆ. ಸೊಸೈಟಿಯ ಅಧ್ಯಕ್ಷರಾಗಿದ್ದ ಆಲ್ಕಾಟ್ 1894ರಲ್ಲಿ ಚೆನ್ನೈನ ಅಡ್ಯಾರಿನಲ್ಲಿ ದಲಿತ ಮಕ್ಕಳಿಗೆ ಉಚಿತ ಶಾಲೆ ತೆರೆದರು. ಮೂರು ವರ್ಷದ ಮೇಲೆ ನಮ್ಮ ಊರಿನಲ್ಲೇ ಬ್ರಹ್ಮಸಮಾಜದ ಕುದ್ಮುಲ್ ರಂಗರಾಯರು ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಸ್ವಂತ ಜಾತಿಯವರ ಬಹಿಷ್ಕಾರ ಎದುರಿಸಿದರು. ಇದನ್ನೂ ಭಾನುವಾರದ ಪಾಠಕ್ಕೆ ತನ್ನಿ, ಇದೂ ತತ್ವದ ಓದೇ.

ಕೊನೆಯ ಸಲಹೆ ಈಕೆಗಾಗಿಯೇ: ದಿನಾ ಗಂಜಿ ಒಯ್ಯುವುದನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿ, ಉಳಿದದ್ದನ್ನು ಬಾಯಿ ಬಿಟ್ಟು ಬೇರೆಯವರಲ್ಲಿ ಕೇಳಿ. ಈ ಸಲಹೆಯೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಮಾಸ್ಟ್ರ ಹತ್ತಿರ ಮಾತಾಡಿದ್ದಾರೆ. ಮಾಸ್ಟ್ರಿಗೆ ಆಸ್ಪತ್ರೆ ಅಂದರೆ ಹೆದರಿಕೆ ಅಂತ ಆಗ ಗೊತ್ತಾಯಿತು. ಹಿರಿಯರು ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ ಮಾಸ್ಟ್ರು ಬುಧವಾರ ಬುಧವಾರ ಹೋಗಿ ಅವರಿಗೆ ಓದಿ ಹೇಳುತ್ತಿದ್ದಾರೆ. ಈಗ ಪಾಠಕ್ಕೆ ಮೊದಲು ಯಾರು ಬಂದಿಲ್ಲ ಅಂತ ನೋಡಿ, ಇಬ್ಬರು ಫೋನ್ ಮಾಡುವ ಕ್ರಮ ಶುರುವಾಗಿದೆ. ಕರ್ಮದ ಮಾತಾಡಿದವರು ಮಾತ್ರ ಇನ್ನೂ ಒಪ್ಪಿಲ್ಲ. ಮನೆಯವರ ಮೇಲಿನ ಹಳೇ ಸಿಟ್ಟಿನ ಬಗ್ಗೆ ನಮ್ಮ ಭೇಟಿ ಮುಂದುವರಿದಿದೆ.