ತಾತನ ಕ್ಲಾರಿಯೊನೆಟ್‌ಗೆ ಡ್ರಿಲ್ ಹಾಕಬೇಡಿ

ಪ್ರಶ್ನೆ: ನಮ್ಮ ತಾತ ಮದುವೆ ಬ್ಯಾಂಡ್‌ಸೆಟ್‌ನಲ್ಲಿ ಕ್ಲಾರಿಯೊನೆಟ್ ನುಡಿಸುತ್ತಿದ್ದರು. ಅವರ ಮರದ ವಾದ್ಯ ಈಗ ನನ್ನ ಹತ್ತಿರ ಇದೆ. ತೂತು ಮುಚ್ಚುವ ಪ್ಯಾಡುಗಳೆಲ್ಲ ಹಾಳಾಗಿವೆ. ಅಪಾರ್ಟ್‌ಮೆಂಟ್‌ನಲ್ಲಿ ರಾತ್ರಿ ಊದಿದರೆ ಮೇಲಿನ ಮನೆಯವರು ಬಾಗಿಲು ತಟ್ಟುತ್ತಾರೆ. ಇದನ್ನೇ ಎಲೆಕ್ಟ್ರಾನಿಕ್ ವಿಂಡ್ ಕಂಟ್ರೋಲರ್ ಮಾಡಿಕೊಂಡು ಹೆಡ್‌ಫೋನ್ ಹಾಕಿ ನುಡಿಸಬಹುದೇ ಸರ್?
— ಓದುಗರೊಬ್ಬರು, ರಾಜಾಜಿನಗರ

ಉತ್ತರ: ಮಾಡಬಹುದು. ಆದರೆ ತಾತನದ್ದನ್ನು ಮುಟ್ಟಬೇಡಿ. ಪ್ಯಾಡ್ ಬದಲಾಯಿಸಿದರೆ ಅದು ಮತ್ತೆ ನುಡಿದೀತು. ಡ್ರಿಲ್ ಹಾಕಿದ ಮೇಲೆ ಮುಗೀತು. ಹಳೇ ಬ್ಯಾಂಡ್‌ನವರನ್ನು ಕೇಳಿ, ಪ್ಲಾಸ್ಟಿಕ್ಕಿನದು ಸಿಕ್ಕರೆ ತಗೊಳ್ಳಿ. ನಾನು ಹಾಗೆ ತಗೊಂಡದ್ದಕ್ಕೆ ಬೆಲ್, ಅಂದರೆ ತುದಿಯ ಅಗಲ ಬಾಯೇ ಇರಲಿಲ್ಲ. ಅದರಿಂದ ಏನೂ ಕಷ್ಟವಾಗಲಿಲ್ಲ.

ಕಂಟ್ರೋಲರ್ ತಾನಾಗಿ ಶಬ್ದ ಮಾಡುವುದಿಲ್ಲ. ಯಾವ ಬೆರಳು ಎಲ್ಲಿದೆ, ಉಸಿರು ಎಷ್ಟಿದೆ, ಇಷ್ಟನ್ನು ಮಿಡಿ (ಎಲೆಕ್ಟ್ರಾನಿಕ್ ವಾದ್ಯಗಳ ಸಂಕೇತಭಾಷೆ) ಸಂದೇಶವಾಗಿ ಲ್ಯಾಪ್‌ಟಾಪಿಗೆ ಕಳಿಸುತ್ತದೆ. ಸ್ವರ ಹುಟ್ಟುವುದು ಅಲ್ಲಿ. ಯಮಹಾದವರು 1987ರಲ್ಲೇ ಡಬ್ಲ್ಯುಎಕ್ಸ್7 ಅಂತ ಇಂಥದ್ದೊಂದನ್ನು ಮಾರಾಟಕ್ಕೆ ತಂದಿದ್ದರು.

ಬೆರಳಿನ ಕೆಲಸ ಸುಲಭ. ಎಂಪಿಆರ್121 ಅನ್ನೋ ಚಿಪ್ ಒಂದಕ್ಕೆ 12 ಸ್ಪರ್ಶ ಬಿಂದುಗಳು. ಕ್ಲಾರಿಯೊನೆಟ್‌ನ ತೂತುಗಳ ಸುತ್ತ ಇರುವ ಲೋಹದ ಉಂಗುರಗಳಿಗೇ ತಂತಿ ಹಾಕೋಣ ಅಂತ ನಾನು ಮೊದಲು ಹೊರಟೆ. ಆಗಲಿಲ್ಲ. ಬಲಗೈಯ ಮೂರು ಉಂಗುರಗಳೂ ಒಂದೇ ಸರಳಿಗೆ ಸೇರಿವೆ, ಒಂದನ್ನು ಮುಟ್ಟಿದರೆ ಮೂರನ್ನೂ ಮುಟ್ಟಿದ ಹಾಗೆ. ಕೊನೆಗೆ ಉಂಗುರ ಬಿಚ್ಚಿ, ತೂತಿಗೆ ಎಂ-ಸೀಲ್ ತುಂಬಿ, ಒಣಗುವ ಮುಂಚೆ ಒಂದೊಂದು ಡ್ರಾಯಿಂಗ್ ಪಿನ್ ಒತ್ತಿದೆ. ತಂತಿಗಳನ್ನು ಮೊದಲೇ ಬೆಸುಗೆ ಹಾಕಿ ಕೊಳವೆಯೊಳಗೆ ಬಿಟ್ಟಿದ್ದೆ. ಪಿನ್ನಿನ ತಲೆ ಬೆರಳಿಗೆ ಚೆನ್ನಾಗಿ ಸಿಗುತ್ತದೆ, ಎಲ್ಲಿದೆ ಅಂತ ನೋಡಬೇಕಾಗಿಲ್ಲ.

ರಿಜಿಸ್ಟರ್ ಕೀ, ಅಂದರೆ ಎಡಗೈ ಹೆಬ್ಬೆರಳಿನಿಂದ ಒತ್ತಿ ಮೇಲಿನ ಸ್ವರಗಳಿಗೆ ಹೋಗುವ ಕೀ ಬಗ್ಗೆ ಎಚ್ಚರ. ಕೊಳಲಿನಲ್ಲಿ ಜೋರಾಗಿ ಊದಿದರೆ ಮೇಲಿನ ಸ್ಥಾಯಿ, ಅಂದರೆ 12 ಸ್ವರಸ್ಥಾನ ಮೇಲೆ. ಕ್ಲಾರಿಯೊನೆಟ್ ಒಂದು ಕಡೆ ಮುಚ್ಚಿದ ನೇರ ಕೊಳವೆ. ಅದರಲ್ಲಿ ಆ ಕೀ ಒತ್ತಿದರೆ 19 ಸ್ವರಸ್ಥಾನ ನೆಗೆಯುತ್ತದೆ. ಪ್ರೋಗ್ರಾಂನಲ್ಲಿ 12 ಅಂತ ಬರೆದರೆ ನಿಮ್ಮ ಬೆರಳುಗಳಿಗೂ ಕಿವಿಗೂ ಜಗಳ ಶುರುವಾಗುತ್ತದೆ.

ಕಷ್ಟ ಇರುವುದು ಉಸಿರಿನಲ್ಲಿ, ಸರಿಯಾಗಿ ಹೇಳಬೇಕೆಂದರೆ ಎಂಜಲಿನಲ್ಲಿ. ಎಂಪಿಎಕ್ಸ್5010 ಅನ್ನೋ ಒತ್ತಡದ ಸೆನ್ಸರ್ 10 ಕಿಲೋಪಾಸ್ಕಲ್‌ವರೆಗೆ ಅಳೆಯುತ್ತದೆ. ಊದುವವರಿಗೆ ಅಷ್ಟು ಸಾಕು. ನಾನು ಅದನ್ನು ಮೌತ್‌ಪೀಸ್ ಪಕ್ಕದಲ್ಲೇ ಕೂರಿಸಿದೆ. ಎರಡು ವಾರ ಚೆನ್ನಾಗಿ ನಡೀತು. ಆಮೇಲೆ ಒಂದು ರಾತ್ರಿ ಬಾಯಿಂದ ತೆಗೆದರೂ ಒಂದೇ ಸ್ವರ ಗುಂಯ್ ಅಂತ ನಿಂತುಬಿಟ್ಟಿತು. ನಮ್ಮ ಮನೆಯವರು ಶ್ರುತಿಪೆಟ್ಟಿಗೆ ಇಟ್ಟಿದ್ದೇನೆ ಅಂದುಕೊಂಡರು. ಬಿಚ್ಚಿ ನೋಡಿದರೆ ಸೆನ್ಸರ್ ಮೂತಿಯಲ್ಲಿ ನೀರು.

ಮದ್ದು ಸಿಕ್ಕಿದ್ದು ಮೀನಿನ ಅಂಗಡಿಯಲ್ಲಿ, ಅಕ್ವೇರಿಯಂ ಗಾಳಿಪೈಪು ಮತ್ತು ಟೀ ಜಾಯಿಂಟು. ಒಂದು ಕವಲು ಮೇಲಕ್ಕೆ, ಅದರ ತುದಿಯಲ್ಲಿ ಸೆನ್ಸರ್. ಇನ್ನೊಂದು ಕವಲು ಕೆಳಕ್ಕೆ, ತುದಿಯಲ್ಲಿ ಸಣ್ಣ ರಂಧ್ರ. ಉಸಿರೂ ನೀರೂ ಅಲ್ಲಿಂದ ಹೊರಗೆ ಹೋಗುತ್ತವೆ. ಆ ರಂಧ್ರ ಇಲ್ಲದಿದ್ದರೆ ಬಲೂನು ಊದಿದ ಹಾಗೆ ಕೆನ್ನೆ ನೋಯುತ್ತದೆ. ತೀರಾ ದೊಡ್ಡದಾದರೆ ದಮ್ಮು ನಿಲ್ಲಲ್ಲ. ಸೂಜಿ ಕಾಯಿಸಿ ಚೂರು ಚೂರೇ ಅಗಲ ಮಾಡಿ.

ಇವನ್ನೆಲ್ಲ ಓದಿ ಮಿಡಿ ಕಳಿಸುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಟೀನ್ಸಿ 4.0 ಒಳ್ಳೆಯದು, ಯುಎಸ್‌ಬಿ ಮಿಡಿ ಸುಲಭ. ಆದರೆ ಅದರ ಪಿನ್ನುಗಳು 3.3 ವೋಲ್ಟಿನವು, ಸೆನ್ಸರ್ 4.7ರವರೆಗೆ ಕೊಡುತ್ತದೆ. ನಡುವೆ 10ಕೆ ಮತ್ತು 20ಕೆ ರೆಸಿಸ್ಟರ್ ಹಾಕಿ ಇಳಿಸಿಕೊಳ್ಳಿ. 20ಕೆ ಗ್ರೌಂಡ್ ಕಡೆಗೆ. ಸ್ಪರ್ಶದ ಚಿಪ್ಪಿಗೂ 3.3 ವೋಲ್ಟೇ.

ಗಮಕದ ಆಸೆ ಇದ್ದರೆ ಈಗಲೇ ಹೇಳಿಬಿಡುತ್ತೇನೆ: ಸರಳೆ, ಜಂಟಿ ಸಲೀಸು. ತೋಡಿಗೆ ಕೈ ಹಾಕಿದರೆ ಗಾಂಧಾರ ಮೆಟ್ಟಿಲು ಹತ್ತಿದ ಹಾಗೆ ಕೇಳುತ್ತದೆ. ಎ.ಕೆ.ಸಿ. ನಟರಾಜನ್ ಅವರ ಕ್ಲಾರಿಯೊನೆಟ್ ಕೇಳಿದ ಕಿವಿ ಇದನ್ನು ಸಹಿಸಲ್ಲ. ಮಿಡಿಯಲ್ಲಿ ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಪಿಚ್ ಬೆಂಡ್‌ಗೆ 16,384 ಹಂತಗಳಿವೆ, ಜಾರುವುದಕ್ಕೆ ಧಾರಾಳ. ಅದನ್ನು ತುಟಿಯಿಂದ ನಡೆಸಲು ರೀಡ್ ಜಾಗದಲ್ಲಿ ಪ್ಲಾಸ್ಟಿಕ್ ಪಟ್ಟಿ, ಕೆಳಗೆ ಒತ್ತಿದರೆ ರೆಸಿಸ್ಟೆನ್ಸ್ ಬದಲಾಗುವ ಪುಟ್ಟ ಸೆನ್ಸರ್ ಇಟ್ಟಿದ್ದೇನೆ. ಕಾಂಬೋಧಿ ಪರವಾಗಿಲ್ಲ ಅನ್ನೋ ಮಟ್ಟಕ್ಕೆ ಬಂದಿದೆ. ತೋಡಿ ಇನ್ನೂ ಇಲ್ಲ.

ಸಾಮಾನಿಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ. ಭಾನುವಾರ ಬೇಡ, ಜಾಸ್ತಿ ಅಂಗಡಿ ಮುಚ್ಚಿರುತ್ತವೆ. ಸೆನ್ಸರ್ ಮಾತ್ರ ಎರಡು ತಗೊಳ್ಳಿ.