ತಮ್ಮನನ್ನು ಊರಿಗೆ ಕಳಿಸಬೇಕಾ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ, ಊರು ಕುಂದಾಪುರ. ತಮ್ಮನಿಗೆ ಸ್ಕಿಜೋಫ್ರೇನಿಯಾ. ಮಾತ್ರೆ ಬಿಟ್ಟಿದ್ದಾಗ ಹೋಟೆಲಿನಲ್ಲಿ ಜೊತೆ ಕೆಲಸಗಾರನಿಗೆ ಹೊಡೆದು ಜೈಲು ಸೇರಿದ. ಈಗ ಜಾಮೀನಿನ ಮೇಲೆ ಮನೆಯಲ್ಲಿದ್ದಾನೆ. ರಾತ್ರಿಯಿಡೀ ಒಬ್ಬನೇ ಮಾತಾಡುತ್ತಾನೆ. ಅಪ್ಪ ಊರಿಗೆ ಕಳಿಸೋಣ ಅನ್ನುತ್ತಾರೆ. ನನ್ನ ಗಂಡ, ಥಾಣೆಯ ಮಾನಸಿಕ ಆಸ್ಪತ್ರೆಯಲ್ಲಿ ಬಿಟ್ಟುಬಿಡಿ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಎರಡೂ ಬೇಡ.

ಜಾಮೀನಿನ ಆದೇಶವನ್ನು ವಕೀಲರಿಂದ ಓದಿಸಿಕೊಳ್ಳಿ. ಅನುಮತಿ ಇಲ್ಲದೆ ಇಲ್ಲಿಂದ ಹೊರಗೆ ಹೋಗಬಾರದು, ಸ್ಟೇಷನ್ನಿಗೆ ಹೋಗಿ ಸಹಿ ಹಾಕಬೇಕು ಅನ್ನುವ ಷರತ್ತುಗಳು ಸಾಮಾನ್ಯ. ಅವನು ಕುಂದಾಪುರದಲ್ಲಿ ಕೂತು ಇಲ್ಲಿ ಕೋರ್ಟಿನ ತಾರೀಖು ತಪ್ಪಿಸಿದರೆ ವಾರಂಟ್ ಬರಬಹುದು, ಮತ್ತೆ ಜೈಲು. ಊರಿನ ಗಾಳಿಗೆ ಈ ಕಾಯಿಲೆ ಇಳಿಯುವುದೂ ಇಲ್ಲ.

ಥಾಣೆಗೆ ಖಂಡಿತ ಹೋಗಿ, ಆದರೆ ಬಿಟ್ಟು ಬರಲು ಅಲ್ಲ. 1901ರಿಂದ ಇರುವ ಆ ಆಸ್ಪತ್ರೆಯಲ್ಲಿ ಹೊರರೋಗಿ ವಿಭಾಗವಿದೆ. ತೋರಿಸಿ, ಮಾತ್ರೆ ತಗೊಂಡು, ಲೋಕಲ್ ಹಿಡಿದು ಮನೆಗೆ ಬರಬಹುದು. ಕಾಯಿಲೆ ಕೆರಳಿದ್ದರೆ ಡಾಕ್ಟರೇ ಕೆಲವು ದಿನ ದಾಖಲಾಗಿ ಅಂದಾರು, ಅದು ಬೇರೆ. ಮನೆಯವರಿಗೆ ಬೇಡವಾದ ಅನ್ನುವ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಸೆಕ್ಷನ್ ಇದನ್ನೇ ಹೇಳುತ್ತೆ. ನಿಮ್ಮ ಯಜಮಾನರಿಗೂ ತಿಳಿಸಿ. ಅವರ ಹೆದರಿಕೆ ಸುಳ್ಳಲ್ಲ, ಆದರೆ ಮಾತ್ರೆ ಬಿಟ್ಟಾಗಲೇ ಈ ರಗಳೆ ಶುರುವಾಗಿದ್ದು ಅಲ್ವಾ?

ಜೈಲಿನಲ್ಲಿ ಯಾವ ಮಾತ್ರೆ ಕೊಡುತ್ತಿದ್ದರು? ನೀವು ಬರೆದಿಲ್ಲ. ಬಿಡುಗಡೆಯಾಗುವಾಗ ಚೀಟಿ ಕೈಗೆ ಬರದೆ ಮಾತ್ರೆ ತಪ್ಪಿಹೋಗುವುದು ಉಂಟು. ವಕೀಲರ ಮೂಲಕ ಜೈಲಿನ ವೈದ್ಯಕೀಯ ದಾಖಲೆ ಕೇಳಿ. ಹಳೇ ಚೀಟಿಗಳನ್ನೂ ಹುಡುಕಿ, ಎಲ್ಲವನ್ನೂ ಡಾಕ್ಟರಿಗೆ ತೋರಿಸಿ. ಒಂದೊಂದು ಪ್ರತಿ ವಕೀಲರಿಗೂ ಇರಲಿ. ಕಾಯಿಲೆಯ ವಿಷಯ ಮುಚ್ಚಿಟ್ಟರೆ ಅವನಿಗೇ ನಷ್ಟ.

ವಕೀಲರ ಫೀಸು ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರನ್ನು ಕೇಳಿ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ‘ಪ್ರಯಾಸ್’ನವರು 1990ರಿಂದ ಕೈದಿಗಳು, ಹೊರಬಂದವರ ಜೊತೆ ಕೆಲಸ ಮಾಡುತ್ತಿದ್ದಾರೆ. ಅವರನ್ನೂ ವಿಚಾರಿಸಿ. ಅಪ್ಪನಿಗೆ ಮರಾಠಿ, ಹಿಂದಿ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಲಿ, ಕನ್ನಡದಲ್ಲೇ ಮಾತಾಡಬಹುದು. ತಮ್ಮ ಹೊಡೆಯಲು ಬಂದರೆ ಮಾತ್ರ ಸುಮ್ನೆ ಕಾಯಬೇಡಿ, 112ಕ್ಕೆ ಫೋನ್ ಮಾಡಿ.

ಮುಂದಿನ ತಾರೀಖಿಗೆ ಅವನೊಬ್ಬನನ್ನೇ ಕಳಿಸಬೇಡಿ. ಈ ಮಾತ್ರೆಗಳಿಗೆ ತೂಕಡಿಕೆ ಜಾಸ್ತಿ. ಕೋರ್ಟಿನಲ್ಲಿ ಹೆಸರು ಕೂಗಿದಾಗ ಅವನನ್ನು ಎಬ್ಬಿಸಲು ಪಕ್ಕದಲ್ಲಿ ಯಾರಾದರೂ ಇರಬೇಕು.