ಬೇಸ್‌ಬಾಲಿನ ಸಾರ್ವಕಾಲಿಕ ಶ್ರೇಷ್ಠ ಯಾರೆಂದರೆ, ನನ್ನ ಓಟು ವಿಲ್ಲಿ ಮೇಸ್‌ಗೆ

ನೀವು ಕೇಳಿದ್ದು ಇಷ್ಟು: ಬೆಂಗಳೂರಿನಿಂದ ಸ್ಯಾನ್ ಹೊಸೆಗೆ ಬಂದು ಇನ್ನೂ ಸ್ವಲ್ಪ ದಿನ, ಕೆಲಸ ಚೆನ್ನಾಗಿದೆ, ಮನೆಯೂ ಸಿಕ್ಕಿದೆ. ಆದರೆ ಆಫೀಸಿನಲ್ಲಿ ಊಟಕ್ಕೆ ಕೂತಾಗ ಬೇಸ್‌ಬಾಲಿನ ಸಾರ್ವಕಾಲಿಕ ಶ್ರೇಷ್ಠ ಯಾರು ಅಂತ ವಾದ ಎದ್ದರೆ ನಿಮ್ಮ ಬಾಯಿ ಕಟ್ಟಿಹೋಗುತ್ತದೆ. ಈ ಆಟ ಕಲಿಯಲೇಬೇಕಾ, ಕ್ರಿಕೆಟ್ ಇಟ್ಟುಕೊಂಡೇ ಇಲ್ಲಿ ಬದುಕಬಹುದಾ?

ಬದುಕಬಹುದು, ಆದರೂ ಕಲಿಯಿರಿ. ನಿಯಮಗಳೆಲ್ಲ ತಿಳಿಯಲಿ ಅಂತ ಕಾಯಬೇಡಿ, ಆ ವಾದದಿಂದಲೇ ಶುರು ಮಾಡಿ. ತಮ್ಮ ಅಪ್ಪ, ಅಜ್ಜ, ಹುಟ್ಟಿದ ಊರು, ಚರ್ಮದ ಬಣ್ಣ ಇವುಗಳ ಬಗ್ಗೆ ಇಲ್ಲಿಯ ಜನ ಆಫೀಸಿನಲ್ಲಿ ಸುಲಭಕ್ಕೆ ಮಾತೆತ್ತುವುದಿಲ್ಲ. ಈ ಒಂದು ಪ್ರಶ್ನೆ ಬಿದ್ದರೆ ಅದೆಲ್ಲ ತಾನಾಗಿ ಹೊರಗೆ ಬರುತ್ತದೆ.

ಮೊದಲು ಬರುವ ಹೆಸರು ಬೇಬ್ ರೂತ್. ಬಾಸ್ಟನ್ ರೆಡ್ ಸಾಕ್ಸ್‌ನಲ್ಲಿ ಪಿಚರ್ ಆಗಿ, ಅಂದರೆ ನಮ್ಮ ಲೆಕ್ಕಕ್ಕೆ ಬೌಲರ್ ಆಗಿ, ಹೆಸರು ಮಾಡಿದವರು. ನ್ಯೂಯಾರ್ಕ್ ಯಾಂಕೀಸ್ ಅವರನ್ನು ಕೊಂಡ ಮೇಲೆ 1920ರಲ್ಲಿ 54 ಹೋಮ್ ರನ್, ಅಂದರೆ ಹೆಚ್ಚುಕಡಿಮೆ ನಮ್ಮ ಸಿಕ್ಸರಿನಂಥ ಹೊಡೆತ, ಹೊಡೆದರು. ಆ ವರ್ಷ ಅವರ ಲೀಗಿನ ಬೇರೆ ಯಾವ ತಂಡವೂ ಎಲ್ಲ ಆಟಗಾರರು ಸೇರಿ ಅಷ್ಟು ಹೊಡೆದಿರಲಿಲ್ಲ. 1927ರಲ್ಲಿ 60, ಕೊನೆಗೆ ಒಟ್ಟು 714. ಒಬ್ಬನೇ ಮನುಷ್ಯ ಒಂದು ಆಟ ಆಡುವ ರೀತಿಯನ್ನೇ ಬದಲಾಯಿಸಿದ ಅಂತ ಹೇಳುವುದಾದರೆ, ಅದು ರೂತ್. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಆದರೆ ಯಾರ ಎದುರು ಹೊಡೆದರು ಅನ್ನುವುದನ್ನೂ ನೋಡಬೇಕಲ್ಲ. ರೂತ್ 1935ರಲ್ಲಿ ಆಟ ಬಿಟ್ಟರು. ಅಲ್ಲಿಯವರೆಗೂ, ಅದಾದ ಮೇಲೂ ಹಲವು ವರ್ಷ, ಕಪ್ಪುಜನರಿಗೆ ಇಲ್ಲಿಯ ಅತಿ ದೊಡ್ಡ ಮಟ್ಟದ ಮೇಜರ್ ಲೀಗಿನಲ್ಲಿ ಜಾಗವೇ ಇರಲಿಲ್ಲ. ಸ್ಯಾಚೆಲ್ ಪೇಜ್‌ನಂಥ ಪಿಚರ್, ಜಾಶ್ ಗಿಬ್ಸನ್‌ನಂಥ ಬ್ಯಾಟರ್ ಕಪ್ಪುಜನರಿಗೆಂದೇ ಇದ್ದ ನೀಗ್ರೋ ಲೀಗುಗಳಲ್ಲಿ ಆಡಬೇಕಾಯಿತು. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರ ಕಣಕ್ಕಿಳಿದಾಗಲೇ ಆ ಬಾಗಿಲು ತೆರೆದದ್ದು. ಇವತ್ತಿಗೂ ಪ್ರತಿ ಏಪ್ರಿಲ್ 15ರಂದು ಎಲ್ಲ ತಂಡದ ಎಲ್ಲ ಆಟಗಾರರೂ ಅವರ 42ನೇ ನಂಬರಿನ ಅಂಗಿ ತೊಡುತ್ತಾರೆ. ಆವತ್ತು ಟೀವಿ ಹಾಕಿದರೆ ಯಾರು ಯಾರೆಂದು ಗೊತ್ತಾಗದೆ ಗಾಬರಿಯಾಗಬೇಡಿ. ನೀಗ್ರೋ ಲೀಗುಗಳ ಅಂಕಿಅಂಶ ಮೇಜರ್ ಲೀಗಿನ ದಾಖಲೆಗೆ ಸೇರಿದ್ದು 2024ರಲ್ಲಿ. ಸೇರಿದ ಕೂಡಲೇ ಬ್ಯಾಟಿಂಗ್ ಸರಾಸರಿಯ ಪಟ್ಟಿಯಲ್ಲಿ ಅಲ್ಲಿಯವರೆಗೆ ಮೇಲಿದ್ದ ಟೈ ಕಾಬ್‌ನನ್ನು ದಾಟಿ ಗಿಬ್ಸನ್ ಮೊದಲನೆಯವರಾದರು. ಅವರು ತೀರಿಕೊಂಡು ಆಗಲೇ 77 ವರ್ಷವಾಗಿತ್ತು.

ಅದಕ್ಕೇ ನಾನು ವಿಲ್ಲಿ ಮೇಸ್ ಅನ್ನುತ್ತೇನೆ. ಅಲಬಾಮಾದ ಹುಡುಗ, 1948ರಲ್ಲಿ ಹದಿನೇಳನೇ ವಯಸ್ಸಿಗೆ ನೀಗ್ರೋ ಲೀಗಿನ ಬರ್ಮಿಂಗ್‌ಹ್ಯಾಮ್ ಬ್ಲ್ಯಾಕ್ ಬ್ಯಾರನ್ಸ್‌ಗೆ ಆಡಿದರು, 1951ರಲ್ಲಿ ನ್ಯೂಯಾರ್ಕ್ ಜೈಂಟ್ಸ್‌ಗೆ ಬಂದರು. ಬಾಗಿಲು ತೆರೆದ ಮೇಲೆ, ಬಿಳಿಯರು ಕರಿಯರು ಎಲ್ಲರೂ ಇದ್ದ ಕಣದಲ್ಲಿ 660 ಹೋಮ್ ರನ್ ಹೊಡೆದರು. 1952ರ ಬಹುಪಾಲು, 1953 ಪೂರ್ತಿ ಸೇನೆಯಲ್ಲಿ ಕಳೆದೂ ಇಷ್ಟು.

1954ರ ಸೆಪ್ಟೆಂಬರ್ 29ರ ಕ್ಯಾಚ್ ಇದೆಯಲ್ಲ, ಅದರ ಹಳೆಯ ಕಪ್ಪುಬಿಳುಪು ತುಣುಕನ್ನು ಇವತ್ತೇ ನೋಡಿ. ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ, ಎಂಟನೇ ಇನ್ನಿಂಗ್ಸ್, ಸ್ಕೋರು 2-2, ಎದುರಾಳಿ ಕ್ಲೀವ್‌ಲ್ಯಾಂಡಿನ ಇಬ್ಬರು ಬೇಸಿನ ಮೇಲೆ (ರನ್ ಪೂರೈಸಲು ಓಡಿ ಮುಟ್ಟಬೇಕಾದ ನಿಲುಗಡೆಗಳು), ಔಟು ಒಂದೂ ಇಲ್ಲ. ವಿಕ್ ವರ್ಟ್ಸ್ ಹೊಡೆದ ಚೆಂಡು ಮೈದಾನದ ಹಿಂಬದಿಗೆ ಹಾರಿತು. ಮೇಸ್ ಬ್ಯಾಟರ್ ಕಡೆಗೆ ಪೂರ್ತಿ ಬೆನ್ನು ಹಾಕಿ ಗೋಡೆಯ ಕಡೆ ಓಡಿದರು. ಭುಜದ ಮೇಲಿಂದ ಇಳಿದ ಚೆಂಡನ್ನು ಓಡುತ್ತಲೇ ಹಿಡಿದರು. ಜನ ಹೊಗಳುವುದು ಇಷ್ಟನ್ನೇ. ನಾನು ಮತ್ತೆ ಮತ್ತೆ ನೋಡುವುದು ಆಮೇಲಿನ ಕ್ಷಣವನ್ನು: ಹಿಡಿದ ಉಸಿರಿಗೇ ಗಿರ್ರನೆ ತಿರುಗಿ, ಟೋಪಿ ಹಾರಿಹೋಗುತ್ತಿದ್ದರೂ ಚೆಂಡನ್ನು ಒಳಗೆ ಎಸೆದರು. ಎರಡನೇ ಬೇಸಿನಲ್ಲಿದ್ದ ಲ್ಯಾರಿ ಡೋಬಿ ಮೂರನೆಯದಕ್ಕೇ ನಿಲ್ಲಬೇಕಾಯಿತು. ರನ್ ಬರಲಿಲ್ಲ, ಹತ್ತನೇ ಇನ್ನಿಂಗ್ಸ್‌ನಲ್ಲಿ ಜೈಂಟ್ಸ್ ಗೆದ್ದಿತು. 1975ರಲ್ಲಿ ಚೆಪಾಕಿನಲ್ಲಿ ಆಂಡಿ ರಾಬರ್ಟ್ಸ್ ಎದುರು ವಿಶ್ವನಾಥ್ ಔಟಾಗದೆ ಹೊಡೆದ 97ನ್ನು ನಮ್ಮ ಹಿರಿಯರು ಎಷ್ಟೋ ಶತಕಗಳಿಗಿಂತ ಮೇಲೆ ಇಡುವುದಿಲ್ಲವೇ? ಈ ಕ್ಯಾಚಿಗೂ ಅಂಥದೇ ಸ್ಥಾನ.

ಇನ್ನೊಂದು ಸಂಗತಿ, ನೀವು ಈಗಷ್ಟೇ ಮನೆ ಹುಡುಕಿದವರು ಅಂತ ಹೇಳುತ್ತಿದ್ದೇನೆ. 1957ರ ಕೊನೆಗೆ ಜೈಂಟ್ಸ್ ತಂಡ ಸ್ಯಾನ್ ಫ್ರಾನ್ಸಿಸ್ಕೋಗೆ ಬರುವುದು ಖಚಿತವಾದಾಗ ಮೇಸ್ ಅಲ್ಲೊಂದು ಮನೆ ಕೊಳ್ಳಲು ಹೋದರು. ಕೈಯಲ್ಲಿ ಹಣವಿತ್ತು, ದೇಶವಿಡೀ ಹೆಸರಿತ್ತು. ನೆರೆಹೊರೆಯವರ ವಿರೋಧಕ್ಕೆ ಹೆದರಿ ಮಾರುವವನು ಹಿಂದೆ ಸರಿದ. ಸುದ್ದಿ ಪತ್ರಿಕೆಗಳಲ್ಲಿ ಬಂದು, ಮೇಯರ್ ಕಿವಿಗೆ ಬಿದ್ದು, ಆಮೇಲಷ್ಟೇ ಮನೆ ಸಿಕ್ಕಿದ್ದು. ನಾವೆಲ್ಲ ಇವತ್ತು ಇಲ್ಲಿ ನೆಮ್ಮದಿಯಾಗಿ ಮನೆ ಮಾಡಿಕೊಂಡಿದ್ದೇವೆ, ಆ ಹಿಂದಿನ ಕಥೆ ಗೊತ್ತಿರಬೇಕು ಅನ್ನುವುದು ನನ್ನ ಆಸೆ.

ಬ್ಯಾರಿ ಬಾಂಡ್ಸ್ ಹೆಸರೂ ಬರುತ್ತದೆ. 762 ಹೋಮ್ ರನ್, ಯಾರೂ ಮುಟ್ಟಿಲ್ಲ. ಇವರ ಗಾಡ್‌ಫಾದರ್ ಮೇಸ್ ಅವರೇ. ಆದರೆ ಸ್ಟೆರಾಯ್ಡ್ ಆರೋಪದ ನೆರಳು ಬಿದ್ದು ಆಟದ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್ ಅವರನ್ನು ಒಳಗೆ ಬಿಟ್ಟುಕೊಂಡಿಲ್ಲ. ಬೇ ಏರಿಯಾದಲ್ಲಿ ಇವರನ್ನು ಪ್ರಾಣದಂತೆ ಪ್ರೀತಿಸುವವರಿದ್ದಾರೆ, ಅವರೆದುರು ಈ ಮಾತು ಮೆಲ್ಲಗೆ ಆಡಿ.

ನಿಮ್ಮ ವಯಸ್ಸಿನವರು ಶೊಹೇ ಓಟಾನಿ ಅನ್ನುತ್ತಾರೆ, ಅದನ್ನು ತಳ್ಳಿಹಾಕಲು ನನಗೂ ಮನಸ್ಸಿಲ್ಲ. 2024ರಲ್ಲಿ 54 ಹೋಮ್ ರನ್, 59 ಬೇಸ್ ಕದ್ದದ್ದು, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸಿಗೆ ಓಡಿ ತಲುಪಿದ್ದು. ಒಂದೇ ಸೀಸನ್ನಿನಲ್ಲಿ ಎರಡೂ ಐವತ್ತು ದಾಟಿದವರು ಅವರಿಗೆ ಮೊದಲು ಒಬ್ಬರೂ ಇಲ್ಲ. 2025ರ ಅಕ್ಟೋಬರಿನ ಒಂದು ರಾತ್ರಿ ಪಿಚರ್ ಆಗಿ ಹತ್ತು ಮಂದಿಯನ್ನು ಸ್ಟ್ರೈಕ್ ಔಟ್ ಮಾಡಿ, ಅದೇ ಪಂದ್ಯದಲ್ಲಿ ಮೂರು ಹೋಮ್ ರನ್ ಹೊಡೆದರು. ಯಾಂಕೀಸ್‌ಗೆ ಹೋದ ಮೇಲೆ ರೂತ್ ಪಿಚಿಂಗನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟರು, ಇವರು ಎರಡನ್ನೂ ನಡೆಸಿಕೊಂಡು ಬರುತ್ತಿದ್ದಾರೆ. ಇನ್ನು ಹತ್ತು ವರ್ಷ ಕಳೆದು ಕೇಳಿದರೆ ನನ್ನ ಉತ್ತರ ಬದಲಾಗಿದ್ದರೂ ಆಶ್ಚರ್ಯವಿಲ್ಲ.

ನಾಳೆ ಊಟಕ್ಕೆ ಕೂತಾಗ ಅಲ್ಲಿರುವ ಹಿರಿಯರನ್ನು ಒಂದೇ ಮಾತು ಕೇಳಿ: ನಿಮ್ಮ ತಂದೆಗೆ ಇಷ್ಟವಾದ ಆಟಗಾರ ಯಾರು? ಆಮೇಲೆ ಓಟಾನಿ ಆಡುವ ಲಾಸ್ ಏಂಜಲೀಸ್ ಡಾಡ್ಜರ್ಸ್ ಇಲ್ಲಿಗೆ ಬರುವ ವಾರ ಟಿಕೆಟ್ ತೆಗೆದುಕೊಳ್ಳಿ. ಕ್ಯಾಲ್‌ಟ್ರೇನ್ ಹತ್ತಿ ಸ್ಯಾನ್ ಫ್ರಾನ್ಸಿಸ್ಕೋದ ಕೊನೆಯ ಸ್ಟೇಷನ್ನಿನಲ್ಲಿ ಇಳಿದರೆ ಜೈಂಟ್ಸ್ ಮೈದಾನವಾದ ಓರಾಕಲ್ ಪಾರ್ಕಿಗೆ ನಡೆದೇ ಹೋಗಬಹುದು. ಮೇಸ್ ಅವರ ಪ್ರತಿಮೆ ಮುಂಬಾಗಿಲಲ್ಲೇ ಇದೆ. ಜುಲೈ ತಿಂಗಳಾದರೂ ಸರಿ, ದಪ್ಪನೆಯ ಜಾಕೆಟ್ ಮರೆಯಬೇಡಿ. ಕತ್ತಲಾದ ಮೇಲೆ ಸಮುದ್ರದ ಕಡೆಯ ಗಾಳಿ ಕೊರೆಯುತ್ತದೆ.